ಹಿತ್ತಲ ದಾಟುವ ಬಿದಿರು



ಹಾನಗಲ್ಲಿನ ಪಡುವಣ ಅಂಚು ಮಲೆನಾಡಿನ ಸೆರಗು; ಸವಣೂರು ಬಯಲುಸೀಮೆ; ಶಿಗ್ಗಾವಿ, ಹಿರೇಕೆರೂರು ಇವೆರಡರ ನಡುವಿನ ನೆಲ. ಈ ನಾಲ್ಕೂ ಕಡೆ ಮನೆಯ ಹಿತ್ತಲಲ್ಲಿ ಬೆಳೆಸಬಹುದಾದ ಚೆಲುವಾದ ಬಿದಿರೊಂದಿದೆ. ಮೈಯೆಲ್ಲ ಹಳದಿ, ಮೇಲೆ ಉದ್ದುದ್ದ ಹಸಿರು ಗೆರೆ. ಹೆಬ್ಬಿದಿರಿನಂತೆ ಮುಳ್ಳಿಲ್ಲ, ನೆಟ್ಟಲ್ಲೇ ಮೆಳೆಯಾಗಿ ನಿಲ್ಲುತ್ತದೆ. ತಾರಸಿ ಮೀರಿ ಬೆಳೆಯುವುದರಿಂದ ಗೋಡೆಯಿಂದ ಹತ್ತು ಹನ್ನೆರಡು ಅಡಿ ದೂರವಿಡಬೇಕು. ಸವಣೂರಿನ ಬೇಸಿಗೆಗೆ ಬುಡಕ್ಕೆ ನೀರು, ತರಗೆಲೆಯ ಹೊದಿಕೆ ಬೇಕು.

ಮಳೆಗಾಲದಲ್ಲಿ ಇದರ ಕಳಲೆಯನ್ನು ಹತ್ತಿರದಿಂದ ನೋಡಿ. ಹೊದ್ದ ಸಿಪ್ಪೆ ಹಸಿರು, ಅದರ ಮೇಲೆ ಹಳದಿ ಗೆರೆ, ಕೈಗೆ ಚುಚ್ಚುವ ಕಂದು ರೋಮ. ಸಿಪ್ಪೆ ಕಳಚಿದಾಗ ಬಣ್ಣ ಅದಲುಬದಲು: ಗಳ ಹಳದಿ, ಗೆರೆ ಹಸಿರು. ಒಂದು ಗೆಣ್ಣಿನ ಗೆರೆಯಂತೆ ಇನ್ನೊಂದರದಿಲ್ಲ. ಕೆಲವೊಮ್ಮೆ ಬರೀ ಹಸಿರು ಗಳವೂ ಏಳುತ್ತದೆ. ಅದನ್ನು ಹಾಗೇ ಬಿಟ್ಟರೆ ಅದರ ಬುಡದಿಂದ ಬರುವವೂ ಹಸಿರೇ. ಗೆರೆ ಉಳಿಯಬೇಕೆಂದರೆ ಅದನ್ನು ಬುಡಸಮೇತ ತೆಗೆಯಬೇಕು.

ಕಾಡಿನ ಹೆಬ್ಬಿದಿರು ನಾಲ್ಕೈದು ದಶಕಕ್ಕೊಮ್ಮೆ ಹೂಬಿಟ್ಟು, ಬಿದಿರಕ್ಕಿ ಸುರಿಸಿ ಸಾಯುತ್ತದೆ. ಆ ಬೀಜದಿಂದಲೇ ಮತ್ತೆ ಹುಟ್ಟುತ್ತದೆ. ಹಳದಿ ಬಿದಿರಿಗೆ ಆ ದಾರಿಯಿಲ್ಲ. ಅದು ಹೂಬಿಡುವುದೇ ಅಪರೂಪ, ಬೀಜ ಕಟ್ಟುವುದು ಇನ್ನೂ ಅಪರೂಪ. ಮಿರಗ ಮಳೆ ಬಿದ್ದ ಮೇಲೆ ಒಂದೆರಡು ವರ್ಷದ ಗಳ ಕಡಿದು, ಎರಡು ಗೆಣ್ಣಿರುವ ತುಂಡನ್ನು ಸಡಿಲ ಮಣ್ಣಿನಲ್ಲಿ ಅಡ್ಡ ಮಲಗಿಸಿ ಮುಚ್ಚಿದರೆ ಗೆಣ್ಣಿನ ಕಣ್ಣು ಚಿಗುರುತ್ತದೆ. ಹೀಗೆ ತುಂಡು ಕೈಯಿಂದ ಕೈಗೆ ದಾಟುತ್ತ ಬಂದದ್ದರಿಂದ, ಇಂದು ನಮ್ಮ ಅಂಗಳದಲ್ಲಿ ನಿಂತ ಮೆಳೆಯ ಹಿಂದೆ ಕೊಟ್ಟವರ ಸಾಲೇ ಇದೆ. ಅವರಲ್ಲಿ ಒಬ್ಬರು ಇಲ್ಲವೆಂದಿದ್ದರೂ ಅದು ನಮ್ಮವರೆಗೆ ಬರುತ್ತಿರಲಿಲ್ಲ.

ಹನ್ನೆರಡನೆಯ ಶತಮಾನದ ಶರಣ ಮೇದರ ಕೇತಯ್ಯನ ಕಾಯಕ ಬಿದಿರಿನದು. ಬುಟ್ಟಿ, ಮೊರ ಹೆಣೆದು ಬಂದದ್ದನ್ನು ದಾಸೋಹಕ್ಕೆ ಸಲ್ಲಿಸಿದವನು. ಅವನ ಕಸುಬೂ ಹೀಗೆಯೇ ಉಳಿದು ಬಂದದ್ದು. ಸಿಬಿರು ಸೀಳುವ ಹದವನ್ನು ಹಿರಿಯರು ಕಿರಿಯರ ಪಕ್ಕದಲ್ಲಿ ಕೂತು ಕಲಿಸಿದರು, ಅದು ನಡೆಯಿತು. ಕಲಿಸುವುದು ನಿಂತ ಮನೆಯಲ್ಲಿ ಒಂದೇ ತಲೆಮಾರಿಗೆ ಮುಗಿಯಿತು. ನಮ್ಮ ಹಾಡು, ಅಡುಗೆ, ಔಷಧಿಯ ತಿಳಿವಳಿಕೆ ಎಲ್ಲಕ್ಕೂ ಇದೇ ಮಾತು. ಬಚ್ಚಿಟ್ಟದ್ದು ನಮ್ಮೊಂದಿಗೇ ಹೋಗುತ್ತದೆ, ಹಂಚಿದ್ದು ನಮ್ಮ ಆಚೆಗೂ ಬಾಳುತ್ತದೆ.

ಈ ಮಿರಗಕ್ಕೆ ಯಾರಾದರೂ ಬಂದು ಒಂದು ತುಂಡು ಕೇಳಿದರೆ ಎರಡು ಕೊಡೋಣ. ಒಂದು ಅವರ ಹಿತ್ತಲಿಗೆ, ಇನ್ನೊಂದು ಅವರೂರಿನ ಶಾಲೆಯ ಅಂಗಳಕ್ಕೆ.