ಪರದೆಯಿಲ್ಲದ ಹಳೆಯ ಗಣಕಯಂತ್ರದಲ್ಲಿ ಸರ್ವರ್ ತಂತ್ರಾಂಶದ ಅಳವಡಿಕೆ
(ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ದಾಸ್ತಾನು ವಹಿಯಲ್ಲಿ ಹೆಸರು ಉಳಿಸಿಕೊಂಡು ಕಚೇರಿಯ ಮೂಲೆಯಲ್ಲಿ ಧೂಳು ಹಿಡಿದಿರುವ ಗಣಕಯಂತ್ರ ನಮ್ಮಲ್ಲಿ ಹಲವರಿಗೆ ಪರಿಚಿತ. ಮಾನಿಟರ್ ಕೆಟ್ಟಿರುತ್ತದೆ, ಪೆಟ್ಟಿಗೆ ಸುಸ್ಥಿತಿಯಲ್ಲಿರುತ್ತದೆ. ಇತ್ತ ಗ್ರಾಮಸಭೆಯ ನಡವಳಿ, ಕಾಮಗಾರಿ ಕಡತಗಳ ಸ್ಕ್ಯಾನ್ ಪ್ರತಿಗಳೆಲ್ಲ ಒಂದೇ ಡಿಸ್ಕಿನಲ್ಲಿರುತ್ತವೆ. ಆ ಡಿಸ್ಕ್ ಕೈಕೊಟ್ಟ ದಿನ, ಪ್ರತಿ ಕೋರಿ ಬಂದವರಿಗೆ ನಾವು ಹೇಳುವುದೇನು? ಇ-ಸ್ವತ್ತು, ಪಂಚತಂತ್ರಗಳ ದತ್ತಾಂಶ ರಾಜ್ಯಮಟ್ಟದ ಸರ್ವರ್‌ನಲ್ಲಿದೆ. ನನ್ನ ವಿಷಯ, ನಮ್ಮಲ್ಲೇ ಉಳಿದ ಕಡತಗಳ ಎರಡನೆಯ ಪ್ರತಿ.

ಇದಕ್ಕೆ ಡೆಬಿಯನ್ ಲಿನಕ್ಸ್ ಮತ್ತು ಕಡತ ಹಂಚಿಕೆಯ ಸಾಂಬಾ ತಂತ್ರಾಂಶ ಸಾಕು. ಡೆಸ್ಕ್‌ಟಾಪ್ ಆಯ್ಕೆಯನ್ನು ಕೈಬಿಟ್ಟರೆ 512 ಎಂಬಿ ರ್‍ಯಾಮ್‌ನಲ್ಲಿಯೂ ಕೆಲಸ ನಡೆಯುತ್ತದೆ. 32 ಬಿಟ್ ಯಂತ್ರವಾದರೆ ಡೆಬಿಯನ್ 12 ಬಳಸಬೇಕು. 2025ರಲ್ಲಿ ಬಂದ 13ನೆಯ ಆವೃತ್ತಿಯಲ್ಲಿ 32 ಬಿಟ್ ಪಿಸಿಗೆ ಅಳವಡಿಕೆ ಪ್ರತಿಯೇ ಇಲ್ಲ. ಕೋರ್ 2 ಡ್ಯುಯೋ ಇದ್ದರೆ 13 ಆಗಬಹುದು. ಅದಕ್ಕೂ ಮೊದಲು ಸ್ಮಾರ್ಟ್‌ಸಿಟಿಎಲ್ ಆದೇಶದಿಂದ ಹಳೆಯ ಡಿಸ್ಕಿನ ಆರೋಗ್ಯ ನೋಡಿ. ಕೆಟ್ಟ ಸೆಕ್ಟರ್‌ಗಳು ಹೆಚ್ಚುತ್ತಿದ್ದರೆ ಡಿಸ್ಕ್ ಬದಲಿಸಿ.

ಅಳವಡಿಕೆ ಸುಲಭ. ಕಷ್ಟವಿರುವುದು, ಯಂತ್ರ ಪ್ರಶ್ನೆ ಕೇಳಿ ಕಾಯುತ್ತ ನಿಂತಾಗ ಅದನ್ನು ಓದುವವರಿಲ್ಲದಿರುವುದರಲ್ಲಿ. ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವ ಪ್ರೀಸೀಡ್ ಕಡತದ ವ್ಯವಸ್ಥೆ ಡೆಬಿಯನ್‌ನಲ್ಲಿದೆ. ಆದರೆ ಒಂದೇ ಯಂತ್ರಕ್ಕಾಗಿ ಆ ಶ್ರಮ ಅನಗತ್ಯ. ಅರ್ಧ ದಿನ ಪಕ್ಕದ ಮೇಜಿನ ಮಾನಿಟರ್, ಕೀಬೋರ್ಡ್ ಎರವಲು ಪಡೆಯಿರಿ. ಎಸ್‌ಎಸ್‌ಎಚ್ ಸರ್ವರನ್ನು ತಪ್ಪದೆ ಆರಿಸಿ. ಮುಂದೆ ಬೇರೊಂದು ಗಣಕದಿಂದ ಆದೇಶ ನೀಡಲು ಅದೊಂದೇ ಬಾಗಿಲು.

ಬಳಿಕ ಬಯಾಸ್. ಕೀಬೋರ್ಡ್ ಇಲ್ಲದಿದ್ದರೆ, ಮುಂದುವರಿಯಲು ಎಫ್1 ಒತ್ತಿ ಎಂದು ಕೇಳುವ ಯಂತ್ರಗಳಿವೆ. ಇಲ್ಲದ ಕೀಬೋರ್ಡಿನಲ್ಲಿ ಒತ್ತುವುದೆಲ್ಲಿ? ದೋಷ ಕಂಡಾಗ ನಿಲ್ಲುವ ಆಯ್ಕೆಯನ್ನು ತೆಗೆದುಹಾಕಿ, ವಿದ್ಯುತ್ ಮರಳಿದೊಡನೆ ತಾನೇ ಚಾಲನೆಗೊಳ್ಳುವ ಆಯ್ಕೆಯನ್ನು ಇಡಿ. ಮದರ್‌ಬೋರ್ಡಿನ ಬ್ಯಾಟರಿ ಸತ್ತಿದ್ದರೆ, ವಿದ್ಯುತ್ ಹೋದಾಗ ಇವೆರಡೂ ಅಳಿಸಿಹೋಗುತ್ತವೆ. ಆದ್ದರಿಂದ ಹೊಸ ಸಿಆರ್2032 ಬ್ಯಾಟರಿ ಹಾಕಿಯೇ ಪೆಟ್ಟಿಗೆ ಮುಚ್ಚಿ.

ಮಾನಿಟರ್ ಜೋಡಿಸಿದರೂ ಚಿತ್ರ ಮೂಡದಿದ್ದರೆ, ಡಿಸ್ಕನ್ನು ಇನ್ನೊಂದು ಗಣಕಕ್ಕೆ ಹಾಕಿ ತಂತ್ರಾಂಶ ಅಳವಡಿಸಿ ಹಿಂದಿರುಗಿಸಬಹುದು. ಹಳೆಯ ಬಯಾಸ್ ವಿಧಾನದಲ್ಲಿಯೇ ಅಳವಡಿಸಬೇಕು. ಯಂತ್ರ ಬದಲಾದಂತೆ ನೆಟ್‌ವರ್ಕ್ ಕಾರ್ಡಿನ ಹೆಸರೂ ಬದಲಾಗಬಹುದು. ಇಂಟರ್‌ಫೇಸಸ್ ಕಡತದಲ್ಲಿ ಹಳೆಯ ಹೆಸರೇ ಉಳಿದರೆ ಯಂತ್ರ ಓಡುತ್ತಿದ್ದರೂ ನಮಗೆ ಸಿಗುವುದಿಲ್ಲ. ಯುಎಸ್‌ಬಿ ಡಿಸ್ಕ್ ಸೇರಿಸಿದರೆ, ಎಫ್‌ಸ್ಟ್ಯಾಬ್ ಕಡತದ ಆ ಸಾಲಿನಲ್ಲಿ ನೋಫೇಲ್ ಎಂದು ಬರೆಯಿರಿ. ಇಲ್ಲವಾದರೆ, ಅದರ ಕೇಬಲ್ ಸಡಿಲವಾಗಿದ್ದ ದಿನ ಯಂತ್ರ ತುರ್ತುಸ್ಥಿತಿಗೆ ಹೋಗಿ ಮೌನವಾಗಿ ನಿಲ್ಲುತ್ತದೆ.

ರೌಟರ್‌ನಲ್ಲಿ ಯಂತ್ರಕ್ಕೆ ಸ್ಥಿರ ಐಪಿ ವಿಳಾಸ ಕಾಯ್ದಿರಿಸಿ, ಅದನ್ನು ಪೆಟ್ಟಿಗೆಯ ಮೇಲೆ ಚೀಟಿಯಲ್ಲಿ ಬರೆದು ಅಂಟಿಸಿ. ಪಾಸ್‌ವರ್ಡ್ ಆ ಚೀಟಿಯಲ್ಲಿರಬಾರದು! ಹೊರಗಿನ ಅಂತರ್ಜಾಲಕ್ಕೆ ಇದನ್ನು ತೆರೆಯಕೂಡದು. ಫಲಾನುಭವಿಗಳ ಆಧಾರ್, ಬ್ಯಾಂಕ್ ಪಾಸ್‌ಪುಸ್ತಕಗಳ ಪ್ರತಿಗಳು ಎಲ್ಲರಿಗೂ ತೆರೆದ ಫೋಲ್ಡರಿನಲ್ಲಿ ಇರಕೂಡದು.

ಮಾನಿಟರ್ ಹಿಂದಿರುಗಿಸುವ ಮುನ್ನ ಅದನ್ನೂ ಕೀಬೋರ್ಡನ್ನೂ ಕಳಚಿ, ವಿದ್ಯುತ್ ತಂತಿ ಕಿತ್ತು, ಐದು ನಿಮಿಷ ಬಿಟ್ಟು ಮತ್ತೆ ಜೋಡಿಸಿ. ಬೇರೆ ಗಣಕದಿಂದ ಲಾಗಿನ್ ಆಗಿ, ಒಂದು ನಡವಳಿ ಕಡತವನ್ನು ತೆರೆದು ನೋಡಿ. ಮಧ್ಯಾಹ್ನದ ಅವಧಿಯಲ್ಲಿ ಇಲ್ಲಿಟ್ಟಿರುವ ಯಂತ್ರದ ಮೇಲೆ ಇದನ್ನೇ ಮಾಡಿ ನೋಡೋಣ.