ಬಿಸಿಲೂ ಜೀವಸತ್ವವೂ

ಜೀವಸತ್ವವೆಂದರೆ ಆಹಾರದಿಂದ ಬರುವ ವಸ್ತು ಎಂದೇ ನಮ್ಮ ತಿಳಿವಳಿಕೆ. ನೆಲ್ಲಿಕಾಯಿಯಲ್ಲಿ ಒಂದು, ಹಸಿರು ಸೊಪ್ಪಿನಲ್ಲಿ ಒಂದು, ತೌಡು ಕಳೆಯದ ಅಕ್ಕಿಯಲ್ಲಿ ಒಂದು ಎಂದು ಶಾಲೆಯ ಮಕ್ಕಳು ಪಟ್ಟಿ ಒಪ್ಪಿಸುತ್ತಾರೆ. ಈ ಪಟ್ಟಿಗೆ ಸರಿಯಾಗಿ ಒಗ್ಗದ ಜೀವಸತ್ವವೊಂದುಂಟು. ಅದರ ಬಹುಭಾಗ ಸಿದ್ಧವಾಗುವುದು ನಮ್ಮ ಚರ್ಮದಲ್ಲಿಯೇ, ಬಿಸಿಲಿನ ಸಹಾಯದಿಂದ. ಅದು 'ಡಿ' ಜೀವಸತ್ವ. ಓದುಗರು ಇದರ ಹೆಸರನ್ನು ರಕ್ತಪರೀಕ್ಷೆಯ ಚೀಟಿಯಲ್ಲಿ ಕಂಡಿರಬಹುದು. ವರ್ಷದ ಬಹುಕಾಲ ಬಿಸಿಲು ಸುರಿಯುವ ನಾಡಿನಲ್ಲಿದ್ದೂ ಇದರ ಕೊರತೆಯೆಂದು ವೈದ್ಯರು ಹೇಳಿದಾಗ ಸೋಜಿಗಪಟ್ಟಿರಲೂಬಹುದು. ಆ ಸೋಜಿಗವನ್ನು ಸ್ವಲ್ಪ ಬಿಡಿಸಿ ನೋಡೋಣ.

ಹೆಸರಿನ ಮಾತು ಬಂದದ್ದರಿಂದ ಒಂದು ಉಪಕಥೆ. ೧೯೧೨ರಲ್ಲಿ ಕಾಸಿಮಿರ್ ಫಂಕ್ ಎಂಬ ವಿಜ್ಞಾನಿ, ಜೀವವೆಂಬ ಅರ್ಥದ ಲ್ಯಾಟಿನ್ ಪದಕ್ಕೆ 'ಅಮೈನ್' ಎಂಬ ರಾಸಾಯನಿಕ ವರ್ಗದ ಹೆಸರನ್ನು ಹೊಂದಿಸಿ 'ವಿಟಮಿನ್' ಎಂಬ ಮಾತನ್ನು ಕಟ್ಟಿದರು. ಇವುಗಳಲ್ಲಿ ಹಲವು ಆ ವರ್ಗಕ್ಕೆ ಸೇರಿದವೇ ಅಲ್ಲವೆಂದು ಮುಂದೆ ತಿಳಿದುಬಂದಿತು. ಆಗ ಇಂಗ್ಲಿಷಿನವರು ಪದದ ಬಾಲದ ಒಂದಕ್ಷರವನ್ನು ಕತ್ತರಿಸಿ ಸಮಾಧಾನಪಟ್ಟರು. ನಮ್ಮ 'ಜೀವಸತ್ವ'ಕ್ಕೆ ಆ ತೊಡಕಿಲ್ಲ. ಯಾವ ವರ್ಗದ್ದಾದರೂ ಅದು ಜೀವದ ಸತ್ವವೇ.

ಇನ್ನು ವಿಷಯಕ್ಕೆ ಬರೋಣ. 'ಡಿ' ಜೀವಸತ್ವದ ಇತಿಹಾಸ ಒಂದು ರೋಗದ ಇತಿಹಾಸ. ರಿಕೆಟ್ಸ್ ಎಂಬ ಈ ರೋಗ ಹಿಡಿದ ಮಗುವಿನ ಕಾಲುಗಳು ಬಿಲ್ಲಿನಂತೆ ಬಾಗುತ್ತವೆ, ಮಣಿಕಟ್ಟು ಊದುತ್ತದೆ, ನೆತ್ತಿ ಕೂಡುವುದು ತಡವಾಗುತ್ತದೆ. ಎಲುಬಿಗೆ ಸೇರಬೇಕಾದ ಸುಣ್ಣದಂಶ ಸೇರದೆ ಎಲುಬು ಮೆತ್ತಗಾಗುವುದೇ ಇದಕ್ಕೆಲ್ಲ ಕಾರಣ. ೧೬೫೦ರಲ್ಲಿಯೇ ಇಂಗ್ಲೆಂಡಿನ ಫ್ರಾನ್ಸಿಸ್ ಗ್ಲಿಸನ್ ಇದನ್ನು ಕುರಿತು ಗ್ರಂಥ ಬರೆದಿದ್ದರು. ಆಮೇಲೆ ಕಾರ್ಖಾನೆಗಳು ಬಂದವು. ಕಲ್ಲಿದ್ದಲ ಹೊಗೆ ಪಟ್ಟಣಗಳ ಮೇಲೆ ಕವಿಯಿತು. ಇಕ್ಕಟ್ಟಾದ ಗಲ್ಲಿಗಳಲ್ಲಿ ರೋಗ ಮನೆಮನೆಗೂ ಹಬ್ಬಿತು. ಜಪಾನಿನಲ್ಲಿ ವೈದ್ಯಸೇವೆ ಮಾಡಿದ್ದ ಥಿಯೋಬಾಲ್ಡ್ ಪಾಮ್, ಅಲ್ಲಿ ಕಾಣದ ಈ ರೋಗ ತಮ್ಮ ನಾಡಿನಲ್ಲಿ ಇಷ್ಟೊಂದು ಏಕೆಂದು ಯೋಚಿಸಿ, ಬಿಸಿಲಿನ ಅಭಾವವೇ ಕಾರಣವೆಂದು ೧೮೯೦ರಲ್ಲಿ ಬರೆದರು. ಆ ಮಾತಿಗೆ ಆಗ ಹೆಚ್ಚು ಜನ ಕಿವಿಗೊಡಲಿಲ್ಲ.

೧೯೧೯ರಲ್ಲಿ ಬರ್ಲಿನ್ನಿನ ಕುರ್ಟ್ ಹುಲ್ಡ್‌ಷಿನ್ಸ್ಕಿ ಪಾದರಸದ ದೀಪದ ಅತಿನೇರಳೆ ಕಿರಣಗಳನ್ನು ರೋಗಿಷ್ಠ ಮಕ್ಕಳ ಮೇಲೆ ಬೀಳಿಸಿ ರೋಗವನ್ನು ವಾಸಿಮಾಡಿದರು. ಅವರು ಕಂಡ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿದೆ. ಕಿರಣ ತಾಕಿದ್ದು ಒಂದು ತೋಳಿಗೆ ಮಾತ್ರ; ಎಲುಬು ಗಟ್ಟಿಯಾದದ್ದು ಎರಡೂ ತೋಳುಗಳಲ್ಲಿ! ಎಂದರೆ, ಬೆಳಕು ಎಲುಬನ್ನು ನೇರವಾಗಿ ಮುಟ್ಟಿ ಸರಿಪಡಿಸುತ್ತಿಲ್ಲ. ಚರ್ಮದಲ್ಲಿ ಏನೋ ಹುಟ್ಟಿ ರಕ್ತದೊಡನೆ ಮೈಯೆಲ್ಲ ಹರಿಯುತ್ತಿದೆ. ಅದೇ ಕಾಲದಲ್ಲಿ ಇಂಗ್ಲೆಂಡಿನ ಮೆಲನ್ಬಿ, ನಾಯಿಮರಿಗಳ ಮೇಲೆ ಪ್ರಯೋಗ ನಡೆಸಿ ಕಾಡ್ ಮೀನಿನ ಎಣ್ಣೆಯೂ ಇದೇ ಗುಣ ಕೊಡುವುದೆಂದು ತೋರಿಸಿದರು. ಆ ಎಣ್ಣೆಯಲ್ಲಿದ್ದ ವಸ್ತುವಿಗೆ ೧೯೨೨ರಲ್ಲಿ ಅಮೆರಿಕದ ಮೆಕಾಲಮ್ 'ಡಿ' ಎಂಬ ಅಕ್ಷರವಿಟ್ಟರು. ಬಿಸಿಲಿನವರೂ ಎಣ್ಣೆಯವರೂ ಎರಡು ದಾರಿಗಳಿಂದ ಒಂದೇ ಊರನ್ನು ಸೇರಿದ್ದರು.

ನಮ್ಮ ದೇಶದ ಸಾಕ್ಷ್ಯವೂ ಇದೆ. ನಾಸಿಕದ ಕಡೆ ಕೆಲಸಮಾಡಿದ ಹಚಿಸನ್ ಮತ್ತು ಷಾ ಎಂಬ ವೈದ್ಯರು ೧೯೨೨ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಚೆನ್ನಾಗಿ ಉಂಡೂ ಪರದೆಯೊಳಗೆ ಬಾಳುವ ಉಳ್ಳವರ ಮನೆಗಳಲ್ಲಿ ಈ ರೋಗ ಕಂಡಿತೆಂದೂ, ಅರೆಹೊಟ್ಟೆ ಉಂಡು ಬಯಲಲ್ಲಿ ಬೆಳೆದ ಬಡವರ ಮಕ್ಕಳಲ್ಲಿ ಕಾಣಲಿಲ್ಲವೆಂದೂ ತಿಳಿಸಿದರು. ಬಡವರ ಪಾಲಿಗೆ ದೈವ ಬಿಟ್ಟುಕೊಟ್ಟ ಸೊತ್ತು ಅದೊಂದೇ ಇರಬಹುದು.

ಈ ಕ್ರಿಯೆ ನಡೆಯುವ ಬಗೆಯನ್ನು ಕೇಳಿ. ಕಾಮನಬಿಲ್ಲಿನ ನೇರಳೆ ಬಣ್ಣದ ಆಚೆಗೆ ಕಣ್ಣಿಗೆ ಕಾಣದ ಕಿರಣಗಳಿವೆ. ಅವೇ ಅತಿನೇರಳೆ ಕಿರಣಗಳು. ಅವುಗಳಲ್ಲಿ ೨೯೦ರಿಂದ ೩೧೫ ನ್ಯಾನೊಮೀಟರ್ ಉದ್ದದ ಅಲೆಗಳು ಮಾತ್ರ ಈ ಕೆಲಸಕ್ಕೆ ಒದಗುತ್ತವೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಚರ್ಮದಲ್ಲಿ ಕೊಲೆಸ್ಟರಾಲಿನ ಸಮೀಪಬಂಧುವಾದ ಒಂದು ಪದಾರ್ಥವಿದೆ. ಕಿರಣ ತಾಗಿದೊಡನೆ ಅದರ ರಚನೆಯ ಒಂದು ಕೊಂಡಿ ಕಳಚುತ್ತದೆ. ಬಳಿಕ ಮೈಯ ಬಿಸಿಗೇ ನಿಧಾನವಾಗಿ 'ಡಿ' ಜೀವಸತ್ವವಾಗುತ್ತದೆ. ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಇನ್ನೊಮ್ಮೆ ಸಂಸ್ಕಾರ ಪಡೆದ ಮೇಲೆ, ಕರುಳಿನಿಂದ ಸುಣ್ಣದಂಶವನ್ನು ರಕ್ತಕ್ಕೆ ಎಳೆದುಕೊಳ್ಳುವ ಶಕ್ತಿ ಅದಕ್ಕೆ ಬರುತ್ತದೆ. ಬಿಸಿಲು ಹೆಚ್ಚಾದರೆ ಜೀವಸತ್ವ ಅಳತೆಮೀರುವುದೋ ಎಂಬ ಭಯ ಬೇಡ. ಮಿಕ್ಕದ್ದನ್ನು ಅದೇ ಕಿರಣಗಳು ನಿರುಪಯೋಗಿ ವಸ್ತುಗಳಾಗಿ ಒಡೆದುಬಿಡುತ್ತವೆ. ಗುಳಿಗೆಯಲ್ಲಿ ಈ ವಿವೇಕವಿಲ್ಲ. ವಾರಕ್ಕೊಮ್ಮೆ ನುಂಗಬೇಕಾದ ೬೦,೦೦೦ ಯೂನಿಟ್ಟಿನ ಪುಡಿಯನ್ನು ದಿನವೂ ನುಂಗಿ, ರಕ್ತದಲ್ಲಿ ಸುಣ್ಣದಂಶ ಏರಿ ಆಸ್ಪತ್ರೆ ಸೇರಿದವರುಂಟು. ಆದ್ದರಿಂದ ಚೀಟಿಯಲ್ಲಿ ಬರೆದದ್ದು ವಾರಕ್ಕೋ ದಿನಕ್ಕೋ ಎಂದು ಎರಡು ಸಲ ಕೇಳಿಕೊಳ್ಳಿರಿ.

ಹಾಗಾದರೆ ಬಿಸಿಲಿನ ನಾಡಿನಲ್ಲಿ ಕೊರತೆ ಏಕೆ? ಬಿಸಿಲು ಇರುವುದು ಬೇರೆ, ಅದು ಮೈಗೆ ತಾಗುವುದು ಬೇರೆ. ಕಿಟಕಿಯ ಗಾಜು ಬೆಳಕನ್ನೂ ಸೆಕೆಯನ್ನೂ ಒಳಗೆ ಬಿಡುತ್ತದೆ, ಈ ಕಿರಣಗಳನ್ನು ಮಾತ್ರ ತಡೆಯುತ್ತದೆ. ಬಟ್ಟೆ, ಹೊಗೆ, ಧೂಳು ಕೂಡ ಅಡ್ಡಬರುತ್ತವೆ. ನಮ್ಮ ಮೈಯ ಕಪ್ಪು ಬಣ್ಣವೂ ಒಂದು ಕೊಡೆಯಂತೆಯೇ. ಬಿಳಿಯರಿಗೆ ಸ್ವಲ್ಪ ಹೊತ್ತಿನಲ್ಲಿ ದೊರೆಯುವುದಕ್ಕೆ ನಾವು ಹೆಚ್ಚು ಹೊತ್ತು ನಿಲ್ಲಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ವೇಳೆ. ಎಳೆಬಿಸಿಲು ಒಳ್ಳೆಯದೆಂಬುದು ನಮ್ಮ ಮನೆಮಾತು. ಹಿತಕ್ಕೆ ಅದು ನಿಜ, ಈ ಜೀವಸತ್ವದ ಮಟ್ಟಿಗೆ ಮಾತ್ರ ಸಾಲದು. ಸೂರ್ಯ ಓರೆಯಾಗಿದ್ದಾಗ ಕಿರಣಗಳು ವಾಯುಮಂಡಲದಲ್ಲಿ ದೂರದ ದಾರಿ ನಡೆಯಬೇಕಾಗಿ, ನಮಗೆ ಬೇಕಾದವು ಓಜೋನ್ ಪದರದಲ್ಲಿಯೇ ಸೋರಿಹೋಗುತ್ತವೆ. ತಿರುಪತಿಯ ಸಂಶೋಧಕರು ಚರ್ಮದಲ್ಲಿರುವ ಆ ಮೂಲಪದಾರ್ಥವನ್ನು ಗಾಜಿನ ಕೊಳವೆಗಳಲ್ಲಿ ತುಂಬಿ ಬಿಸಿಲಿಗಿಟ್ಟು ಗಂಟೆಗಂಟೆಗೆ ಪರೀಕ್ಷಿಸಿದರು. ೨೦೧೩ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ, ಬೆಳಿಗ್ಗೆ ೧೧ರಿಂದ ಮಧ್ಯಾಹ್ನ ೨ರವರೆಗಿನ ಬಿಸಿಲೇ ಹೆಚ್ಚು ಫಲಕಾರಿ. ಬೆಂಗಳೂರೂ ಹೆಚ್ಚುಕಡಿಮೆ ತಿರುಪತಿಯ ಅಕ್ಷಾಂಶದಲ್ಲಿಯೇ ಇರುವುದರಿಂದ ಈ ಲೆಕ್ಕ ನಮಗೂ ಹತ್ತಿರದ್ದೇ. ಗಡಿಯಾರ ಇಲ್ಲದವರಿಗೆ ನೆರಳು ಸಾಕು: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣಗಳು ಬರುತ್ತಿವೆ; ಉದ್ದವಾಗಿದ್ದರೆ ಬಹಳ ಕಡಿಮೆ.

ಆದರೆ ಇದೇ ಬಿಸಿಲಿಗೆ ಇನ್ನೊಂದು ಮುಖವಿದೆ. ಒಂದು ಜೀವಸತ್ವವನ್ನು ಕಟ್ಟುವ ಅತಿನೇರಳೆ ಕಿರಣ ಇನ್ನೊಂದನ್ನು ಕೆಡಿಸುತ್ತದೆ. ಅದು ಫೋಲೇಟ್, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ಬೊಂಬಾಯಿಯಲ್ಲಿ ಬಸುರಿಯರ ರಕ್ತಹೀನತೆಯನ್ನು ಅಭ್ಯಾಸಮಾಡಿದ ಲೂಸಿ ವಿಲ್ಸ್ ೧೯೩೧ರಲ್ಲಿ ಇದರ ಸುಳಿವನ್ನು ಮೊದಲು ಕೊಟ್ಟರು. ಚರ್ಮರೋಗಕ್ಕಾಗಿ ತಿಂಗಳುಗಟ್ಟಲೆ ಕಿರಣಚಿಕಿತ್ಸೆ ಪಡೆದವರ ರಕ್ತದಲ್ಲಿ ಫೋಲೇಟ್ ಇಳಿದಿತ್ತೆಂದು ೧೯೭೮ರಲ್ಲಿ ಬ್ರಾಂಡಾ ಮತ್ತು ಈಟನ್ ವರದಿ ಮಾಡಿದರು. ಫೋಲೇಟನ್ನು ಕಾಯಲು ಕಪ್ಪು, 'ಡಿ'ಯನ್ನು ಪಡೆಯಲು ಬಿಳುಪು, ಈ ಎರಡರ ತೂಗುವಿಕೆಯಿಂದಲೇ ಮನುಷ್ಯರ ಮೈಬಣ್ಣಗಳು ಭೂಮಿಯ ಮೇಲೆ ಹಂಚಿಹೋಗಿವೆಯೆಂಬುದು ೨೦೦೦ದಲ್ಲಿ ಜಬ್ಲಾನ್ಸ್ಕಿ ಮತ್ತು ಚಾಪ್ಲಿನ್ ಮಂಡಿಸಿದ ವಾದ. ಬಿಳಿಯ ಬಣ್ಣ ಬೇಕೆಂದು ಮುಖಕ್ಕೆ ಮುಲಾಮು ಬಳಿಯುವವರು ಇದನ್ನು ಓದಬೇಕು. ಚರ್ಮ ಉರಿಯುವವರೆಗೆ ನಿಲ್ಲುವುದಂತೂ ಯಾರಿಗೂ ಸಲ್ಲದು. ಅತಿಯಾದ ಕಿರಣ ಚರ್ಮದ ಅರ್ಬುದಕ್ಕೆ ಕಾರಣವೆಂಬುದು ಸಿದ್ಧಪಟ್ಟ ಸಂಗತಿ.

ಎಳೆಗೂಸಿನ ವಿಷಯ ಬೇರೆ. ಮಗುವನ್ನು ನಡುಹಗಲ ಬಿಸಿಲಿಗೆ ಹಿಡಿಯುವಂತಿಲ್ಲ. ತಾಯಹಾಲಿನಲ್ಲಿ ಈ ಜೀವಸತ್ವ ಬಹು ಸ್ವಲ್ಪ. ಅದಕ್ಕಾಗಿಯೇ ಮೊದಲ ವರ್ಷ ದಿನಕ್ಕೆ ೪೦೦ ಯೂನಿಟ್ಟಿನಂತೆ ಹನಿಗಳನ್ನು ಕೊಡಬೇಕೆಂದು ನಮ್ಮ ದೇಶದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಮಲಗಿಸುವ ಅಜ್ಜಿಯರು ಅದನ್ನು ಬಿಡಬೇಕಾಗಿಲ್ಲ, ಹನಿಗಳನ್ನೂ ಮರೆಯಬಾರದು.

ದೊಡ್ಡ ಮಕ್ಕಳನ್ನು ನೋಡಿದರೆ ನಮ್ಮ ಶಾಲೆಗಳ ವೇಳಾಪಟ್ಟಿಯೇ ವಿಚಿತ್ರ. ಪ್ರಾರ್ಥನೆ ಸೂರ್ಯ ಇನ್ನೂ ಓರೆಯಿರುವಾಗ, ಡ್ರಿಲ್ ದಿನದ ಕೊನೆಯ ಪೀರಿಯಡ್ಡಿನಲ್ಲಿ. ನೆರಳು ಗಿಡ್ಡವಾಗಿರುವ ಹೊತ್ತಿನಲ್ಲೆಲ್ಲ ಮಕ್ಕಳು ಮಾಡಿನ ಕೆಳಗೆ. ಹತ್ತನೆಯ ತರಗತಿಯವರಿಗಂತೂ ಡ್ರಿಲ್ ಪೀರಿಯಡ್ಡನ್ನು ಗಣಿತ ನುಂಗಿರುತ್ತದೆ. ವಾರಕ್ಕೆ ಎರಡು ದಿನವಾದರೂ ಡ್ರಿಲ್ಲನ್ನು ಊಟದ ಗಂಟೆಯ ಹಿಂದಿನ ಪೀರಿಯಡ್ಡಿಗೆ ತಂದು, ಬೇಸಿಗೆಯ ಕಡುಬಿಸಿಲಿನ ತಿಂಗಳುಗಳಲ್ಲಿ ಮಾತ್ರ ಅದನ್ನು ಹಿಂದಕ್ಕೊಯ್ದರೆ ಮುಖ್ಯೋಪಾಧ್ಯಾಯರಿಗೆ ಹೊಸ ಖರ್ಚೇನೂ ಇಲ್ಲ. ನೋಟೀಸು ಹಲಗೆಯ ಮೇಲೆ ಹೊಸ ವೇಳಾಪಟ್ಟಿಯ ಒಂದು ಹಾಳೆ ಅಂಟಿಸಬೇಕಾದೀತು.