ಓಡುವವನು ಚೆಂಡಿಗೆ ದಾರಿ ಬಿಡಬೇಕು

ಕ್ರಿಕೆಟ್‌ನಲ್ಲಿ ಹೊಡೆದ ಚೆಂಡು ಆಚೆ ತುದಿಯಲ್ಲಿ ನಿಂತ ಜೊತೆಗಾರನಿಗೆ ತಗುಲಿದರೆ ಆಟ ಮುಂದುವರಿಯುತ್ತದೆ. ಬೇಕೆಂದೇ ಅಡ್ಡ ಬಂದಿರದಿದ್ದರೆ ಅವನು ಔಟ್ ಅಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಹಾಗಲ್ಲ ಮಕ್ಕಳೇ. ಬೇಸ್‌ನಿಂದ ಬೇಸ್‌ಗೆ ಓಡುತ್ತಿರುವವನಿಗೆ ಚೆಂಡು ಅರಿಯದೇ ತಗುಲಿದರೂ ಸಾಕು, ಅವನು ಔಟ್! ಆಟ ಅಲ್ಲಿಗೇ ನಿಲ್ಲುತ್ತದೆ, ಚೆಂಡು ಹೊಡೆದವನಿಗೆ ಮೊದಲ ಬೇಸ್ ಸಿಗುತ್ತದೆ.

ಇದು ಅನ್ಯಾಯವೇ? ಲೆಕ್ಕ ಹಾಕಿ ನೋಡೋಣ. ಬೇಸ್‌ಬಾಲ್ ಅಂಗಳ ನಾಲ್ಕು ಬೇಸ್‌ಗಳ ಒಂದು ಚೌಕ. ಪ್ರತಿ ಬದಿ ಸುಮಾರು 27.4 ಮೀಟರ್. ಒಂದು ಮೂಲೆಯಲ್ಲಿ ನಿಂತು ಚೆಂಡು ಹೊಡೆಯುತ್ತಾರೆ. ಮೊದಲ ಮತ್ತು ಎರಡನೇ ಬೇಸ್‌ಗಳ ನಡುವೆ ಓಡುವವನು ಅಲ್ಲಿಂದ ಸುಮಾರು 31 ಮೀಟರ್ ದೂರದಲ್ಲಿರುತ್ತಾನೆ. ಚೆಂಡಿನ ವೇಗ ಗಂಟೆಗೆ 144 ಕಿಲೋಮೀಟರ್ ಎಂದುಕೊಳ್ಳಿ, ಅಂದರೆ ಸೆಕೆಂಡಿಗೆ 40 ಮೀಟರ್. ಅದು ಅವನನ್ನು ಮುಟ್ಟಲು ಮುಕ್ಕಾಲು ಸೆಕೆಂಡು ಸಾಕು. ಕಣ್ಣು ಕಂಡದ್ದು ಮಿದುಳಿಗೆ ತಲುಪಿ, ಮಿದುಳಿನ ಅಪ್ಪಣೆ ಕಾಲಿಗೆ ಇಳಿಯುವುದರೊಳಗೆ ಸುಮಾರು 0.2 ಸೆಕೆಂಡು ಕಳೆದಿರುತ್ತದೆ. ಅಷ್ಟರಲ್ಲಿ ಚೆಂಡು 8 ಮೀಟರ್ ಬಂದಾಗಿದೆ. ಉಳಿದದ್ದು ಅರ್ಧ ಸೆಕೆಂಡು. ಒಂದು ಹೆಜ್ಜೆ ತಡೆದು ನಿಲ್ಲಲು, ಇಲ್ಲವೇ ನೆಗೆಯಲು, ಎಚ್ಚರವಾಗಿದ್ದವನಿಗೆ ಅದು ಸಾಲುತ್ತದೆ.

ಆದರೆ ಬೇಕೆಂದೇ ತಗುಲಿಸಿಕೊಂಡರೆ? 1957ರ ಏಪ್ರಿಲ್‌ನಲ್ಲಿ ಸಿನ್ಸಿನಾಟಿ ತಂಡದ ಡಾನ್ ಹೋಕ್ ಎರಡನೇ ಬೇಸ್‌ನಿಂದ ಓಡುತ್ತಿದ್ದ. ಮಿಲ್ವಾಕಿ ತಂಡದವರು ಉರುಳಿ ಬರುವ ಚೆಂಡನ್ನು ಹಿಡಿದು ಒಂದೇ ಏಟಿಗೆ ಇಬ್ಬರನ್ನು ಔಟ್ ಮಾಡಲು, ಅಂದರೆ ಡಬಲ್ ಪ್ಲೇಗೆ, ಕಾದಿದ್ದರು. ಹೋಕ್ ನಡುದಾರಿಯಲ್ಲೇ ಚೆಂಡನ್ನು ಕೈಯಾರೆ ಹಿಡಿದು ಎದುರಾಳಿಯ ಕೈಗೆ ಎಸೆದುಬಿಟ್ಟ! ಅಂದಿನ ನಿಯಮದಂತೆ ಹೋಕ್ ಒಬ್ಬನೇ ಔಟ್ ಆದ, ಮೊದಲ ಬೇಸ್‌ನಿಂದ ಓಡುತ್ತಿದ್ದವನೂ ಚೆಂಡು ಹೊಡೆದವನೂ ಉಳಿದುಕೊಂಡರು. ಕೆಲವೇ ದಿನಗಳಲ್ಲಿ ನಿಯಮ ಬದಲಾಯಿತು. ಡಬಲ್ ಪ್ಲೇ ತಪ್ಪಿಸಲು ಬೇಕೆಂದೇ ಚೆಂಡಿಗೆ ಅಡ್ಡ ಬಂದರೆ, ಓಡುವವನ ಜೊತೆಗೆ ಚೆಂಡು ಹೊಡೆದವನೂ ಔಟ್. ಒಳ್ಳೆಯ ತಿದ್ದುಪಡಿ ಎಂದೇ ನನ್ನ ಅನಿಸಿಕೆ.

ಓಡುವವನಿಗೆ ರಿಯಾಯಿತಿಯೂ ಇದೆ. ಒಳ ಅಂಗಳದ ಫೀಲ್ಡರ್‌ನ ಕಾಲಸಂದಿಯಿಂದ ಚೆಂಡು ನುಸುಳಿ, ಅವನ ಬೆನ್ನ ಹಿಂದೆಯೇ ಓಡುತ್ತಿದ್ದವನಿಗೆ ತಗುಲಿತು ಎನ್ನಿ. ಅದನ್ನು ಹಿಡಿಯುವ ಅವಕಾಶ ಒಳ ಅಂಗಳದ ಬೇರೊಬ್ಬ ಫೀಲ್ಡರ್‌ಗೆ ಇಲ್ಲದಿದ್ದರೆ ಓಡುವವನು ಔಟ್ ಅಲ್ಲ, ಆಟ ಮುಂದುವರಿಯುತ್ತದೆ. ಫೀಲ್ಡರ್‌ನ ಮರೆಯಿಂದ ಚೆಂಡು ತಟ್ಟನೆ ಹೊರಬಂದರೆ ಅದನ್ನು ನೋಡಿ ತಪ್ಪಿಸಿಕೊಳ್ಳಲು ಯಾವ ಕಣ್ಣಿಗೂ ಆಗದು.

ಬೇಸ್ ಮೇಲೆ ನಿಂತಿದ್ದರೆ? ಬೇಸ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಅದರಿಂದಲೂ ರಕ್ಷಣೆ ಇಲ್ಲ. ಬೇಸ್‌ಬಾಲ್ ಅನ್ನೇ ಹೋಲುವ ಸಾಫ್ಟ್‌ಬಾಲ್‌ನಲ್ಲಿ ಇದೆ: ಬೇಸ್ ಮುಟ್ಟಿಕೊಂಡು ನಿಂತವಳಿಗೆ ಚೆಂಡು ಅಚಾನಕ್ಕಾಗಿ ತಗುಲಿದರೆ ಅವಳು ಔಟ್ ಅಲ್ಲ. ಅಲ್ಲಿ ಬೇಸ್‌ಗಳ ನಡುವಿನ ದೂರ ಸುಮಾರು 18.3 ಮೀಟರ್ ಮಾತ್ರ, ಚೆಂಡು ಬೇಗ ಬಂದು ಮುಟ್ಟುತ್ತದೆ. ಮೇಲಾಗಿ ಚೆಂಡು ಎಸೆಯುವ ಪಿಚರ್ ಅದನ್ನು ಕೈಯಿಂದ ಬಿಡುವವರೆಗೆ ಓಡುವವಳು ಬೇಸ್ ಬಿಟ್ಟು ಕದಲುವಂತಿಲ್ಲ. ಅಲ್ಲೇ ನಿಲ್ಲು ಎಂದ ನಿಯಮವೇ ನಿಂತದ್ದಕ್ಕೆ ಶಿಕ್ಷೆ ಕೊಡಬಾರದಲ್ಲವೇ?

ಮೂರನೇ ಬೇಸ್‌ನಲ್ಲಿರುವವರಿಗೆ ಕೋಚ್‌ಗಳು ಒಂದು ಉಪಾಯ ಹೇಳಿಕೊಡುತ್ತಾರೆ. ಮುಂದಕ್ಕೆ ಹೆಜ್ಜೆ ಇಡುವಾಗ ಅಂಗಳದ ಅಂಚು ಗುರುತಿಸುವ ಫೌಲ್ ಗೆರೆಯ ಹೊರಗೆ ಇಡು. ಅಲ್ಲಿ ಚೆಂಡು ತಗುಲಿದರೆ ಅದು ಬರೀ ಫೌಲ್, ನೀನು ಔಟ್ ಅಲ್ಲ.